ಕಾರಿನೊಳಗೆ ಕೂಡಿಸಿದ ದನಿ

ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬೆಸುಗೆಯ ಹೊಗೆ ಮೂಗಿಗೆ ಬಡಿದರೆ ಇವತ್ತಿಗೂ ನಾನು ಮಾನ್ವಿಯ ನಮ್ಮ ರೈಸ್ ಮಿಲ್ಲಿನ ಅಂಗಳದಲ್ಲಿರುತ್ತೇನೆ.

ಆ ಮಧ್ಯಾಹ್ನ ರಾಯಚೂರಿನ ಖಾಸಿಂ ಚಾಚಾ ಅಪ್ಪನ ಅಂಬಾಸಿಡರ್ ಕಾರಿನ ಟೇಪಿಗೆ ಹೊಸ ಆಂಪ್ಲಿಫೈಯರ್ ಕೂಡಿಸುತ್ತಿದ್ದರು. ಹಿಂದಿನ ಸೀಟಿನ ಬಿಸಿ ರೆಕ್ಸಿನ್ ತೊಡೆಗೆ ಅಂಟುತ್ತಿದ್ದರೂ ನಾನು ಇಳಿದಿರಲಿಲ್ಲ. ತಂತಿ ಬೆಸೆದಾದ ಮೇಲೆ ಚಾಚಾ, "ಸಾಹುಕಾರ್ರ, ಸಿನಿಮಾ ಹಾಡು ಬ್ಯಾಡ್ರಿ. ನಿಮ್ಮ ಕಿವಿಗಿ ರೂಢಿ ಇದ್ದ ದನಿ ಕೊಡ್ರಿ, ಅದರ ಮ್ಯಾಲ ಸೆಟ್ ಮಾಡ್ತೀನಿ" ಎಂದರು.

ಅಪ್ಪ ಮನೆಯೊಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ್ದ ಕ್ಯಾಸೆಟ್ ತಂದ. ಚಾಚಾ ಅದನ್ನು ಹಾಕಿದರೆ, ಯಾರೋ ಹೆಂಗಸು ಜೋಗುಳ ಹಾಡುತ್ತಿದ್ದಳು. ನಡುವೆ ಹಾಡು ನಿಲ್ಲಿಸಿ, "ಮಲ್ಕೋ ನನ್ನ ಚಿನ್ನಿ" ಅಂದಳು.

ಚಿನ್ನಿ ನಾನೇ. ಆದರೆ ಅದು ಅವ್ವನ ದನಿಯಲ್ಲ.

"ಯಪ್ಪಾ, ಯಾರು ಆಕಿ?" ಎಂದೆ. ಅಪ್ಪ ಸ್ವಚ್ಛವಾಗಿದ್ದ ಗಾಜನ್ನೇ ಒರೆಸತೊಡಗಿದ.

ಚಾಚಾ ಗುಂಡಿ ತಿರುಗಿಸಿದಂತೆ ಆ ದನಿ ದಪ್ಪವಾಯಿತು, ಒಡೆಯಿತು, ಮತ್ತೆ ಕೂಡಿತು. "ಸರಿ ಆತೇನ್ರಿ?" ಎಂದು ಕೇಳಿದರು.

ಚಹಾ ತಂದಿದ್ದ ಅವ್ವ ಕೇಳುತ್ತಾ ನಿಂತಿದ್ದಳು. "ನಮ್ಮಕ್ಕನ ದನಿ ಇಷ್ಟು ದಪ್ಪ ಇರಲಿಲ್ರಿ. ಒಂಚೂರು ತೆಳ್ಳಗ ಮಾಡ್ರಿ" ಅಂದಳು.

ಅವ್ವನಿಗೆ ಅಕ್ಕ ಇದ್ದದ್ದೇ ನನಗೆ ಗೊತ್ತಿರಲಿಲ್ಲ.

ಚಾಚಾ ಗುಂಡಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದರು.

"ಹಾಂ, ಈಗ ಆಕೀನ" ಎಂದು ಅವ್ವ ಚಹಾದ ತಟ್ಟೆಯನ್ನು ಬಾನೆಟ್ ಮೇಲಿಟ್ಟು, ಒಳಗೆ ಬಂದು ನನ್ನ ಪಕ್ಕ ಕುಳಿತಳು. "ಕೇಳು ಚಿನ್ನಿ. ನಿನ್ನ ಹಡದವ್ವ ಕರಿಯಾಕತ್ತಾಳ."

ಯಾರಿಗೆ ಓಗೊಡಬೇಕೋ ತಿಳಿಯದೆ, ನಾನು ಅವ್ವನ ಸೆರಗು ಹಿಡಿದುಕೊಂಡು ಸ್ಪೀಕರಿನ ಕಡೆ ನೋಡಿ "ಹೂಂ" ಅಂದೆ.