ಗೇಟಿನ ಮುಂದೆ ಬಸವ

"ನೀವೇ ಹೇಳಿ ತಾತ, ಇದು ವಾಹನಾನೋ ಅಲ್ವೋ?"

ಮಹದೇವಪುರದ ಕೆರೆ ಪಾರ್ಕಿನ ಗೇಟು ಕಾಯುವ ಶಶಿಕಲಾಗೆ ನಿಜಕ್ಕೂ ಅನುಮಾನ. ಬೋರ್ಡಿನಲ್ಲಿದ್ದದ್ದು ಎರಡೇ ಸಾಲು: ವಾಹನಗಳಿಗೆ ಪ್ರವೇಶವಿಲ್ಲ. ಸೈಕಲ್ ಸವಾರರು ಇಳಿದು ತಳ್ಳಿಕೊಂಡು ಹೋಗಬಹುದು. ಎತ್ತಿನ ಮಾತೇ ಇರಲಿಲ್ಲ.

ಬಾಯಾರಿದ ಕೋಲೆಬಸವ ಕೆರೆಯತ್ತ ಮೂತಿ ಚಾಚಿ ಹಗ್ಗ ಜಗ್ಗುತ್ತಿತ್ತು. 'ಅಲ್ಲ' ಎಂದುಬಿಟ್ಟರೆ ಅದಕ್ಕೆ ನೀರು ಸಿಗುತ್ತಿತ್ತು. ಅದನ್ನು ಮನೆಮನೆಗೆ ಕರೆದೊಯ್ಯುವ ಲಕ್ಷ್ಮಣಪ್ಪ ಅದರ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡ.

"ಸಿವನ ವಾಹನ ಕಣವ್ವ. ಅಲ್ಲ ಅನ್ನಕ್ಕೆ ನಾಲ್ಗೆ ಬರಾಕಿಲ್ಲ" ಎಂದು ಬಸವನನ್ನು ಬಂದ ದಾರಿಗೆ ತಿರುಗಿಸಿದ.

ಶಶಿಕಲಾ ಬೋರ್ಡಿನ ಎರಡನೇ ಸಾಲನ್ನು ಮತ್ತೊಮ್ಮೆ ಓದಿದಳು. ಬಸವನ ಖಾಲಿ ಬೆನ್ನು ನೋಡಿದಳು. ಗೇಟನ್ನು ಪೂರ್ತಿ ತೆರೆದಳು.

"ನಿಲ್ಲಿ ತಾತ. ಶಿವ ಆಗ್ಲೇ ಇಳ್ದವ್ನೆ. ನೀವು ತಳ್ಕೊಂಡ್ ಹೋಗಿ."