ಕುಲ್ಫಿಯ ಪಾಠ

ಒದ್ದೆ ಹುಲ್ಲಿನ ವಾಸನೆ ಬಂದರೆ ಈಗಲೂ ನಾಗಪುರದ ನಮ್ಮ ಮನೆಯ, ಹುಲ್ಲಿನ ಪರದೆಗೆ ನೀರು ಹಾಯಿಸಿ ತಂಪು ಗಾಳಿ ಬೀಸುವ ಕೂಲರ್ ನೆನಪಾಗುತ್ತದೆ.

ಆ ಮಧ್ಯಾಹ್ನ ಅಪ್ಪ ನನ್ನ ಮುಂದೆ ಇಂಗ್ಲಿಷಿನ ಪುಟ್ಟ ಪುಸ್ತಕ ಹಿಡಿದಿದ್ದರು. ಒಂದೊಂದೇ ಅಕ್ಷರದ ಸದ್ದು ಕೂಡಿಸಿ ಓದಬೇಕು. ತಪ್ಪಿಲ್ಲದೆ ಓದಿದರೆ ಸಂಜೆ ಕುಲ್ಫಿ. ನಾನು ಚಿತ್ರ ನೋಡಿಕೊಂಡು ಗಡಗಡ ಒಪ್ಪಿಸಿದೆ. ಅಪ್ಪನಿಗೆ ಅನುಮಾನ ಬಂತು; ಕೋಳಿಯ ಚಿತ್ರವನ್ನು ಅಂಗೈಯಿಂದ ಮುಚ್ಚಿದರು.

"ಈಗ ಓದು, ಜಲ್ದಿ."

ನಾನು ಅಪ್ಪನ ಬೆರಳ ಸಂದಿಯಿಂದ ಚಿತ್ರ ಇಣುಕಲು ನೋಡಿದೆ. ಶಾಲೆಯ ಮುಖವನ್ನೇ ನೋಡದ ಅಜ್ಜಿ ಕೂಲರಿಗೆ ನೀರು ಹಾಕುತ್ತಿದ್ದವಳು, ಬಕೆಟ್ ಇಟ್ಟು ನನ್ನ ಹೆಗಲ ಮೇಲಿಂದ ಬಗ್ಗಿದಳು.

"ಹ್... ಎ... ನ್. ಹೆನ್!"

"ಅವ್ವಾ, ನಿನಗ ಯಾವಾಗ ಓದಾಕ ಬಂತು?" ಅಪ್ಪ ಬೆಚ್ಚಿಬಿದ್ದರು.

"ದಿನಾ ನೀ ಇಷ್ಟು ಒದರಿದ್ರ ಈ ಕೂಲರಿಗೂ ಓದಾಕ ಬರತೈತಿ!"

ಆ ಸಂಜೆ ಕುಲ್ಫಿ ತಿಂದದ್ದು ಅಜ್ಜಿ. ಮರುದಿನದಿಂದ ಕೂಲರಿಗೆ ನೀರು ಹಾಕಿದ್ದು ನಾನು.