ನಿಷೇಧದ ಮೊದಲ ದಿನ

೨೦೨೩ರ ನವೆಂಬರ್ ೧, ಬೆಳಿಗ್ಗೆ ೭ ಗಂಟೆ ೧೦ ನಿಮಿಷ. ದ್ವೀಪದ ಸುತ್ತ ಸ್ಕೂಬಾ ಡೈವಿಂಗ್ ನಿಷೇಧವಾದ ಮೊದಲ ದಿನ. ಇಷ್ಟು ವರ್ಷ ಪ್ರವಾಸಿಗರನ್ನು ನೀರಿಗಿಳಿಸಿ ಬದುಕಿದ್ದ ದಿನಕರ ಹರಿಕಂತ್ರ ಈಗ ತನ್ನ ದೋಣಿಯಲ್ಲಿ ಅಲ್ಲಿ ಕಾವಲಿಗೆ ಬಂದಿದ್ದ. ಹವಳ ಸಾಯುತ್ತಿದೆ ಎಂದು ವಿಜ್ಞಾನಿ ಶಾಲ್ಮಲಿ ಹೇಳಿದಾಗ ಊರಿನಲ್ಲಿ ಮೊದಲು ನಂಬಿದವನು ಅವನೇ. ಹವಳ ಮುರಿಯುವ ಲಂಗರು ಹಾಕದೆ ದೋಣಿ ಕಟ್ಟಲೆಂದು ತಾನೇ ತೇಲಿಬಿಟ್ಟಿದ್ದ ಡ್ರಮ್ಮನ್ನೂ, ಇನ್ನು ಯಾರೂ ಬರುವುದು ಬೇಡವೆಂದು ಅವಳು ಹೇಳಿದ್ದಕ್ಕೆ ನಿನ್ನೆ ಬಿಚ್ಚಿ ತಂದಿದ್ದ.

ಇನ್ನೊಂದು ದೋಣಿ ಪಕ್ಕಕ್ಕೆ ಬಂದು ನಿಂತಿತು. ಸಿಲಿಂಡರ್ ಹೊತ್ತ ನಾಲ್ವರ ನಡುವೆ ಶಾಲ್ಮಲಿ ಇದ್ದಳು.

“ಮೇಡಂ, ಡೈವಿಂಗ್ ಬಂದ್ ಅಲ್ವಾ?”

“ಇದು ಡೈವಿಂಗ್ ಅಲ್ಲ ದಿನಕರಣ್ಣ, ಅಧ್ಯಯನ. ಇವರು ನಮ್ಮ ಸಂಸ್ಥೆಯ ಅತಿಥಿಗಳು.”

“ಅತಿಥಿಗಳಿಗೆ ಈಜೋಕಾದ್ರೂ ಬರ್ತದಾ?”

“ನನಗೆ ಕಲಿಸಿದ್ದು ನೀವೇ ಅಲ್ವಾ? ನಾನು ನೋಡ್ಕೊಳ್ತೇನೆ.”

“ಡ್ರಮ್ಮು ತೆಗೆಸಿದ್ರಿ. ದೋಣಿ ಯಾವುದಕ್ಕೆ ಕಟ್ತೀರಿ?”

“ಲಂಗರು ಉಂಟಲ್ಲ. ಒಂದು ದಿನಕ್ಕೆ ಏನಾಗ್ತದೆ ಮಾರಾಯ್ರೆ?”

“ಇಲ್ಲಿ ಬೇಡ ಮೇಡಂ! ಮರಳು ಸಿಗಬೇಕಾದ್ರೆ ಹದಿನೆಂಟು ಮೀಟರ್ ಇಳೀಬೇಕು. ಅದಕ್ಕಿಂತ ಮೇಲೆ ಇರೋದೆಲ್ಲ ಹವಳವೇ.”

ಅವಳು ಅತಿಥಿಗಳ ಕಡೆ ನೋಡಿ ನಕ್ಕು, ದೋಣಿಯವನಿಗೆ ಕೈಸನ್ನೆ ಮಾಡಿದಳು. ಲಂಗರು ಬಿತ್ತು.

ಹಗ್ಗ ಹನ್ನೊಂದು ಮೀಟರ್ ಇಳಿದು ನಿಂತಿತು.